ಹಳೆಯ ಸರ್ವೈವಲ್ ಚಾಕುವಿಗೆ ಬೆಲೆ ಕಟ್ಟುವ ಮುನ್ನ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಳೆಯ ವಸ್ತುಗಳ ಸಂಗ್ರಹದ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನಾಣ್ಯ, ಅಂಚೆಚೀಟಿ, ಗಡಿಯಾರಗಳ ವಿಷಯದಲ್ಲಿ ಲೇಖಕರು ಹೇಳಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸೈನಿಕರಿಗೂ ವಿಮಾನ ಚಾಲಕರಿಗೂ ಆಪತ್ತಿನಲ್ಲಿ ಜೀವ ಉಳಿಸಿಕೊಳ್ಳಲೆಂದು ಕೊಡುತ್ತಿದ್ದ ಹಳೆಯ ಸರ್ವೈವಲ್ ಚಾಕುಗಳ ಬಗ್ಗೆ ಅವರು ಕೊಟ್ಟಿರುವ ಮೂರು ಸಲಹೆಗಳು, ಅಂದರೆ ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು, ಮಾರುವ ಮುನ್ನ ಉಜ್ಜಿ ಹೊಳಪು ಬರಿಸಬೇಕೆಂಬುದು, ಅಂತರ್ಜಾಲದಲ್ಲಿ ಅಂಥದೇ ಚಾಕುವಿಗೆ ಎಷ್ಟು ಕೇಳುತ್ತಿದ್ದಾರೆಂದು ನೋಡಿ ಬೆಲೆ ಕಟ್ಟಬೇಕೆಂಬುದು, ನಂಬಿದ ಓದುಗರಿಗೆ ನಷ್ಟವನ್ನೇ ತರುತ್ತವೆ. ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ನೆಲೆಸಿದ್ದೇನೆ. ಇಂಥ ಚಾಕುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಕಾರ್ಖಾನೆಯಿದ್ದ ಕ್ಯಾಮಿಲಸ್ ಎಂಬ ಊರು ಇಲ್ಲಿಗೆ ಪಕ್ಕದಲ್ಲೇ ಇದೆ. ಈ ಭಾಗದಲ್ಲಿ ಹಿರಿಯರು ತೀರಿಕೊಂಡ ಮನೆಗಳ ಸಾಮಾನುಗಳನ್ನು ಮನೆಯಂಗಳದಲ್ಲೇ ಮಾರುವುದು ವಾಡಿಕೆ. ಅಲ್ಲಿ ಈ ಚಾಕುಗಳು ಆಗಾಗ ಕಣ್ಣಿಗೆ ಬೀಳುತ್ತವೆ, ನಮ್ಮ ಕನ್ನಡದ ಹುಡುಗರು ಕೊಂಡುಕೊಂಡು ಊರಿಗೂ ತರುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ನಿರ್ದಿಷ್ಟ ಚಾಕುವನ್ನು ಎದುರಿಗಿಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ. ಅಮೆರಿಕದ ಜೆಟ್ ವಿಮಾನ ಚಾಲಕರಿಗೆಂದು 1950ರ ದಶಕದ ಉತ್ತರಾರ್ಧದಲ್ಲಿ ಒಂದು ಚಾಕು ರೂಪುಗೊಂಡಿತು. ಕಾರ್ಬನ್ ಉಕ್ಕಿನ ಅಲಗು, ಅಲಗಿನ ಬೆನ್ನಿನ ಮೇಲೆ ಗರಗಸದ ಹಲ್ಲು, ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಹಿಡಿ, ಹಿಡಿಯ ತುದಿಯಲ್ಲಿ ಸುತ್ತಿಗೆಯಂತೆ ಬಡಿಯಲು ಬರುವ ಆರು ಮೂಲೆಯ ದಪ್ಪ ಉಕ್ಕಿನ ಬಿಲ್ಲೆ, ತೊಗಲಿನ ಒರೆ, ಒರೆಯ ಮುಂಭಾಗದ ಪುಟ್ಟ ಚೀಲದಲ್ಲೊಂದು ಸಾಣೆಕಲ್ಲು. ವಿಮಾನ ಬಿದ್ದಾಗ ಅದರ ಅಲ್ಯೂಮಿನಿಯಂ ಹೊದಿಕೆಯನ್ನು ಕೊಯ್ದು ಹೊರಬರಲು ನೆರವಾಗಲೆಂದು ಆ ಗರಗಸದ ಹಲ್ಲು. ಕೋಲಿಗೆ ಕಟ್ಟಿ ಈಟಿಯಂತೆ ಬಳಸಲೆಂದು ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿಯಲ್ಲಿ ತೂತು. ಮೊದಲು ಮಿಶಿಗನ್ ರಾಜ್ಯದ ಗ್ಲ್ಯಾಡ್‌ಸ್ಟನ್ ಊರಿನ ಮಾರ್ಬಲ್ಸ್ ಕಂಪನಿ ಆರು ಇಂಚಿನ ಅಲಗಿನೊಂದಿಗೆ ಇದನ್ನು ತಯಾರಿಸಿತು. ಅನಂತರ ಕ್ಯಾಮಿಲಸ್ ಕಂಪನಿ ಕೆಲಕಾಲ ಆರು ಇಂಚಿನದನ್ನೇ ಮಾಡಿ, 1960ರ ದಶಕದ ಆರಂಭದಲ್ಲಿ ಐದು ಇಂಚಿಗೆ ಇಳಿಯಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಹೊರಬಂದದ್ದು ಈ ಐದು ಇಂಚಿನ ಚಾಕು. ಮುಂದೆ ನ್ಯೂಯಾರ್ಕ್ ರಾಜ್ಯದ ಫ್ರಾಂಕ್ಲಿನ್‌ವಿಲ್‌ನ ಒಂಟಾರಿಯೊ ನೈಫ್ ಕಂಪನಿ ಇದೇ ಮಾದರಿಯನ್ನು ದಶಕಗಳ ಕಾಲ ತಯಾರಿಸುತ್ತ ಬಂತು.

ಇದರಿಂದ ಮೊದಲ ಸಲಹೆಯ ದೋಷ ತಾನಾಗಿಯೇ ತಿಳಿಯುತ್ತದೆ: ಬೆಲೆಯನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ, ಯಾರು ಮಾಡಿದ್ದು, ಎಷ್ಟು ಮಾಡಿದ್ದು ಎಂಬುದು. ಮಾರ್ಬಲ್ಸ್‌ನ ಚಾಕುವಿಗೂ ಒಂಟಾರಿಯೊದ ಚಾಕುವಿಗೂ ದೂರದಿಂದ ನೋಡುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ಮೊದಲನೆಯದನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ, ಎರಡನೆಯದು ಬಹುಮಟ್ಟಿಗೆ ಕೆಲಸಕ್ಕೆ ಬರುವ ಚಾಕುವಾಗಿಯೇ ಮಾರಾಟವಾಗುತ್ತದೆ. ಕ್ಯಾಮಿಲಸ್‌ನ ಆರು ಇಂಚಿನದು ಮತ್ತು ಐದು ಇಂಚಿನದರ ನಡುವೆ ವಯಸ್ಸಿನ ಅಂತರ ಕೆಲವೇ ವರ್ಷಗಳದು. ಬೆಲೆಯ ಅಂತರ ಮಾತ್ರ ಅದಕ್ಕೆ ತಾಳೆಯಾಗುವುದಿಲ್ಲ, ಏಕೆಂದರೆ ಆರು ಇಂಚಿನವು ತಯಾರಾದದ್ದೇ ಕಡಿಮೆ. ಇನ್ನೊಂದು ಕಡೆಯಿಂದಲೂ ಇದನ್ನು ನೋಡಬಹುದು. 1982ರಲ್ಲಿ ಬಂದ ಹಾಲಿವುಡ್ ಚಿತ್ರವೊಂದರ ನಾಯಕ ಹಿಡಿಯೊಳಗೆ ಟೊಳ್ಳಿರುವ ಚಾಕುವನ್ನು ಬಳಸಿದ ಮೇಲೆ, ಮುಚ್ಚಳದಲ್ಲಿ ದಿಕ್ಸೂಚಿ, ಒಳಗೆ ಗಾಳ ಮತ್ತು ಬೆಂಕಿಕಡ್ಡಿ ಇಟ್ಟ ಅಗ್ಗದ ಚಾಕುಗಳು ಪೇಟೆಯಲ್ಲಿ ತುಂಬಿಹೋದವು. ಅವುಗಳಿಗೂ ಈಗ ನಲವತ್ತು ವರ್ಷದ ಆಸುಪಾಸು. ಅವುಗಳಲ್ಲಿ ಬಹುತೇಕವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದೇ ಟೊಳ್ಳು ಹಿಡಿಯ ಚಾಕುಗಳಲ್ಲಿ, ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ರ‍್ಯಾಂಡಲ್ ಕಾರ್ಯಾಗಾರದವರು 1960ರ ದಶಕದಲ್ಲಿ ಕೈಯಿಂದ ಮಾಡಲಾರಂಭಿಸಿದ ಹದಿನೆಂಟನೆಯ ಮಾದರಿಗೂ, ಬಕ್ ಕಂಪನಿ 1984ರಲ್ಲಿ ಹೊರತಂದ ಬಕ್‌ಮಾಸ್ಟರ್‌ಗೂ ಒಳ್ಳೆಯ ಬೇಡಿಕೆಯಿದೆ. ಬಕ್‌ಮಾಸ್ಟರ್‌ನ ಅಡ್ಡಪಟ್ಟಿಗೆ ತಿರುಗಿಸಿ ಕೂರಿಸುವ ಎರಡು ಮುಳ್ಳುಗಳು ಬರುತ್ತಿದ್ದವು. ಅವು ಕಳೆದುಹೋಗಿದ್ದರೆ ಬೆಲೆ ಅಲ್ಲೇ ಕುಸಿಯುತ್ತದೆ.

ಹಾಗಾದರೆ ಮೊದಲು ನೋಡಬೇಕಾದದ್ದು ಏನು? ಮುದ್ರೆ. ತಯಾರಕರ ಹೆಸರು ಕೆಲವದರಲ್ಲಿ ಅಲಗಿನ ಬುಡದಲ್ಲಿರುತ್ತದೆ, ಕೆಲವದರಲ್ಲಿ ಹಿಡಿಯ ತುದಿಯ ಬಿಲ್ಲೆಯ ಮೇಲಿರುತ್ತದೆ. ವಿಯೆಟ್ನಾಂ ಕಾಲದ ಅನೇಕ ಕ್ಯಾಮಿಲಸ್ ಚಾಕುಗಳ ಬಿಲ್ಲೆಯ ಮೇಲೆ ಹೆಸರಿನ ಕೆಳಗೆ ತಿಂಗಳು ಮತ್ತು ಇಸವಿಯನ್ನೂ ಒತ್ತಿದ್ದಾರೆ. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಮಾಸಿದ ಅಂಕಿಗಳೂ ಬಹಳ ಸಲ ಮೇಲೆದ್ದು ಕಾಣುತ್ತವೆ. ಈ ಚಾಕುಗಳಿಗೆ ಬೂದು ಬಣ್ಣದ ಫಾಸ್ಫೇಟ್ ಲೇಪ ಕೊಟ್ಟಿರುತ್ತಿದ್ದರು. ಅಕ್ಷರಗಳ ಗುಳಿಯೊಳಗೂ ಆ ಲೇಪ, ಆ ಹಳೆಯ ಕೊಳೆ ಇದೆಯೇ, ಅಥವಾ ಅಲ್ಲಿ ಮಾತ್ರ ಲೋಹ ಹೊಸದಾಗಿ ಮಿನುಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಯಾವುದೋ ಅಗ್ಗದ ಚಾಕುವಿನ ಮೇಲೆ ಬೇಡಿಕೆಯಿರುವ ಇಸವಿಯನ್ನು ಒತ್ತಿ ಮಾರುವವರು ಇಲ್ಲದಿಲ್ಲ. ಹಿಡಿಯ ಬಿಲ್ಲೆಯ ನಡುವೆ, ಹಿಡಿಯೊಳಗಿಂದ ಹಾದುಬರುವ ಅಲಗಿನ ಬಾಲವನ್ನು ಬಡಿದು ಅಗಲಿಸಿದ ಜಾಗವಿರುತ್ತದೆ. ಅಲ್ಲಿ ಹೊಸ ಸುತ್ತಿಗೆಯ ಗುರುತು ಕಂಡರೆ ತೊಗಲನ್ನೋ ಬಿಲ್ಲೆಯನ್ನೋ ಬದಲಿಸಿರುವ ಸಂಭವ ಹೆಚ್ಚು. ಕ್ಯಾಮಿಲಸ್ ಎಂಬ ಹೆಸರೊಂದನ್ನೇ ನಂಬುವುದೂ ಸರಿಯಲ್ಲ. ಆ ಕಾರ್ಖಾನೆ 2007ರಲ್ಲಿ ಮುಚ್ಚಿಹೋಯಿತು, ಹೆಸರನ್ನು ಆಕ್ಮೆ ಯುನೈಟೆಡ್ ಎಂಬ ಕಂಪನಿ ಕೊಂಡುಕೊಂಡಿತು; ಅನಂತರ ಅದೇ ಹೆಸರಿನಲ್ಲಿ ಬಂದ ಚಾಕುಗಳು ಕ್ಯಾಮಿಲಸ್ ಊರಿನ ಕುಲುಮೆಯವಲ್ಲ.

ಮುದ್ರೆ ಇಲ್ಲದಿರುವುದೇ ಬೆಲೆ ತರುವ ಒಂದು ವಿಚಿತ್ರ ಸಂದರ್ಭವೂ ಉಂಟು. ವಿಯೆಟ್ನಾಂನಲ್ಲಿ ಗುಪ್ತ ಕಾರ್ಯಾಚರಣೆಗಿಳಿದ ಅಮೆರಿಕದ ಪಡೆಗಳಿಗೆಂದು ಜಪಾನಿನಲ್ಲಿ ಮಾಡಿಸಿದ ಚಾಕುಗಳಲ್ಲಿ, ಸಿಕ್ಕಿಬಿದ್ದರೆ ಮೂಲ ತಿಳಿಯಬಾರದೆಂದು, ದೇಶದ ಹೆಸರನ್ನೂ ತಯಾರಕರ ಹೆಸರನ್ನೂ ಹಾಕಿರಲಿಲ್ಲ. ಆ ಪಡೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಸಂಗ್ರಾಹಕರು ಇವನ್ನು ‘ಸಾಗ್’ ಚಾಕು ಎನ್ನುತ್ತಾರೆ. ಅವುಗಳ ನೆನಪಿನಲ್ಲಿ ಅದೇ ಹೆಸರಿನ ಕಂಪನಿಯೊಂದು 1986ರಲ್ಲಿ ಆರಂಭವಾಯಿತು. ಹಾಗಾಗಿ ಅಲಗಿನ ಮೇಲೆ ಆ ಕಂಪನಿಯ ಮುದ್ರೆ ಇರುವ ಚಾಕುವನ್ನು ತೋರಿಸಿ ‘ಇದು ವಿಯೆಟ್ನಾಂ ಯುದ್ಧದಲ್ಲಿ ಇದ್ದದ್ದು’ ಎಂದು ಯಾರಾದರೂ ಹೇಳಿದರೆ, ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೆ ಹುಟ್ಟಿದ ಚಾಕು ಅಲ್ಲಿಗೆ ಹೇಗೆ ಹೋಯಿತೆಂದು ವಿನಯದಿಂದಲೇ ಕೇಳಬಹುದು. ಇನ್ನು ಮುದ್ರೆಯಿಲ್ಲದ ಅಸಲಿ ಚಾಕುಗಳಿಗೆ ನಕಲುಗಳು ವಿಪರೀತ. ಅನುಭವಿಗಳ ಕೈಗೆ ಕೊಟ್ಟು ತೋರಿಸದೆ ಅಂಥದ್ದನ್ನು ಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಎರಡನೆಯ ಸಲಹೆಯೇ ನನ್ನನ್ನು ಈ ಪತ್ರ ಬರೆಯಲು ಹಚ್ಚಿದ್ದು. ಲೇಖಕರು ಮರಳುಕಾಗದದಿಂದ ಉಜ್ಜಿ, ಪಾಲಿಶ್ ಹಚ್ಚಿ, ಅಲಗನ್ನು ಸಾಣೆ ಹಿಡಿಸಿ ಮಾರಾಟಕ್ಕಿಡಿ ಎನ್ನುತ್ತಾರೆ. ಕಾರ್ಖಾನೆಯ ಬೂದು ಲೇಪವು ಆ ಚಾಕುವಿನ ಚರ್ಮವಿದ್ದಂತೆ. ಒಮ್ಮೆ ಸುಲಿದರೆ ಮತ್ತೆ ಬರುವುದಿಲ್ಲ, ಮೇಲೆ ಕಪ್ಪು ಬಣ್ಣ ಕೊಡಿಸಿದರೂ ಬಲ್ಲವರು ನೋಡಿದ ಕೂಡಲೇ ಗುರುತಿಸುತ್ತಾರೆ. ಸಾಣೆ ಹಿಡಿದ ಅಲಗು ಪ್ರತಿ ಬಾರಿಯೂ ಅಷ್ಟಷ್ಟು ಸವೆದು ಕಿರಿದಾಗುತ್ತದೆ. ಮೊನೆ ಮುರಿದದ್ದನ್ನು ಉಜ್ಜಿ ಮತ್ತೆ ಚೂಪು ಮಾಡಿದ್ದರೆ, ಐದು ಇಂಚು ಇರಬೇಕಾದದ್ದು ಅಳತೆಗೆ ಕಡಿಮೆ ಬೀಳುತ್ತದೆ. ಆದ್ದರಿಂದಲೇ ಕೊಳ್ಳುವವರು ಅಡ್ಡಪಟ್ಟಿಯಿಂದ ಮೊನೆಯವರೆಗೆ ಅಳೆದು ನೋಡುತ್ತಾರೆ, ಅಲಗಿನ ಅಗಲವನ್ನು ಬಳಸದ ಇನ್ನೊಂದು ಚಾಕುವಿನ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಹಳೆಯ ಉಕ್ಕಿನ ಮೇಲೆ ಕವಿದ ಕಂದುಗಪ್ಪು ಛಾಯೆ ತುಕ್ಕಲ್ಲ, ಅದನ್ನು ಮುಟ್ಟಬಾರದು. ಕೆಂಪಾಗಿ ಪುಡಿ ಉದುರುವ ತುಕ್ಕಿದ್ದರೆ ಮಾತ್ರ ಮೃದುವಾದ ಬಟ್ಟೆಗೆ ತುಸು ಯಂತ್ರದೆಣ್ಣೆ ಹಾಕಿ ಒರೆಸಿ, ಅಷ್ಟಕ್ಕೇ ನಿಲ್ಲಿಸಬೇಕು. ವಸ್ತುಸಂಗ್ರಹಾಲಯದವರು ಲೋಹಕ್ಕೆ ಸವರುವಂಥ ತೆಳು ಮೇಣವೂ ಪೇಟೆಯಲ್ಲಿ ಸಿಗುತ್ತದೆ, ಅದನ್ನು ಬಳಸಿದರೆ ಹಾನಿಯಿಲ್ಲ.

ಒರೆಯ ವಿಷಯವನ್ನು ಲೇಖನದಲ್ಲಿ ಪ್ರಸ್ತಾಪಿಸಿಯೇ ಇಲ್ಲ, ಇದು ನನಗೆ ಆಶ್ಚರ್ಯ ತಂದಿತು. ಅಸಲಿ ಒರೆ, ಅದರ ಸಾಣೆಕಲ್ಲು, ಕಾಲಿಗೆ ಕಟ್ಟುವ ದಾರ ಎಲ್ಲವೂ ಜೊತೆಗಿರುವ ಚಾಕು ಒಂದು ಲೆಕ್ಕ, ಬರಿಯ ಚಾಕು ಇನ್ನೊಂದು ಲೆಕ್ಕ. ಚಾಕು ಉಕ್ಕಿನದು, ಬಾಳುತ್ತದೆ. ತೊಗಲು ಒಣಗಿ ಬಿರಿಯುತ್ತದೆ, ಹೊಲಿಗೆ ಬಿಚ್ಚುತ್ತದೆ, ಇಲಿ ಕಡಿಯುತ್ತದೆ. ಹಾಗಾಗಿ ಒಳ್ಳೆಯ ಒರೆ ಸಿಗುವುದೇ ಕಷ್ಟ. ಅಲಗಿನ ಉದ್ದಕ್ಕೂ ಒರೆಯ ಉದ್ದಕ್ಕೂ ಹೊಂದಿಕೆಯಿದೆಯೇ, ಒರೆಯೊಳಗೆ ಅಲಗು ಉಜ್ಜಿದ ಜಾಡು ಇದೇ ಚಾಕುವಿನದೇ ಎಂದು ನೋಡಿದರೆ, ಇವೆರಡೂ ಹುಟ್ಟಿನಿಂದ ಜೊತೆಗಿದ್ದವೋ ಅಥವಾ ಮಾರುವವನು ಮೊನ್ನೆ ಜೋಡಿಸಿದ್ದೋ ಎಂಬ ಅಂದಾಜು ಸಿಗುತ್ತದೆ. ವಿಪರ್ಯಾಸವೆಂದರೆ ಬೆಲೆಗೆ ಬೇಕಾದ ಒರೆಯೇ ಚಾಕುವಿಗೆ ಶತ್ರು. ತೊಗಲನ್ನು ಹದ ಮಾಡಲು ಬಳಸಿದ ಆಮ್ಲ ಮತ್ತು ತೊಗಲು ಹೀರುವ ತೇವ ಎರಡೂ ಸೇರಿ ಒಳಗಿಟ್ಟ ಅಲಗನ್ನು ತಿನ್ನುತ್ತವೆ, ಹಿತ್ತಾಳೆಯ ಗುಂಡಿ ಮತ್ತು ರಿವೆಟ್‌ಗಳ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಎರಡನ್ನೂ ಬೇರೆ ಬೇರೆ ಇಡಬೇಕು, ಆದರೆ ಒಂದನ್ನೊಂದು ಕಳೆದುಕೊಳ್ಳದಂತೆ ಒಂದೇ ಪೆಟ್ಟಿಗೆಯಲ್ಲಿಡಬೇಕು. ಕರಾವಳಿಯ ಮತ್ತು ಮಲೆನಾಡಿನ ಓದುಗರಿಗೆ ಮಳೆಗಾಲದ ತೇವದ ಬಗ್ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಚಾಕುವಿನ ಜೊತೆಗೆ ಬರುವ ಕತೆಯ ಬಗ್ಗೆ ಎರಡು ಮಾತು. ‘ಹನೋಯ್ ಮೇಲೆ ವಿಮಾನ ಹಾರಿಸಿದವರ ಚಾಕು ಇದು’ ಎಂದು ಹೇಳದ ಮಾರಾಟಗಾರರು ಅಪರೂಪ. ಇಲ್ಲಿನ ಹಳೆಯ ಸಂಗ್ರಾಹಕರು ದುಡ್ಡು ಕೊಡುವುದು ಚಾಕುವಿಗೆ, ಕತೆಗಲ್ಲ. ಆದರೆ ಅದೇ ಕತೆಗೆ ಕಾಗದದ ಆಧಾರವಿದ್ದರೆ, ಅಂದರೆ ಸೇನೆಯಿಂದ ಬಿಡುಗಡೆಯಾದುದರ ಪತ್ರ, ಹಾರಾಟದ ದಿನಚರಿ, ಅದೇ ಚಾಕು ಸೊಂಟದಲ್ಲೋ ಕಾಲಿನಲ್ಲೋ ಕಾಣುವ ಫೋಟೊ ಇದ್ದರೆ, ಚಾಕುವಿನ ಬೆಲೆಗಿಂತ ಕತೆಯ ಬೆಲೆಯೇ ಮಿಗಿಲಾಗಬಹುದು. ಒರೆಯ ಮೇಲೆ ಶಾಯಿಯಲ್ಲಿ ಬರೆದ ಹೆಸರನ್ನು ಕೊಳೆಯೆಂದು ತಿಳಿದು ತೊಳೆದುಬಿಡುವವರನ್ನು ನೋಡಿದ್ದೇನೆ. ಸೇನಾ ದಾಖಲೆಗಳಲ್ಲಿ ಆ ವ್ಯಕ್ತಿಯನ್ನು ಹುಡುಕಲು ಇದ್ದ ಎಳೆಯೇ ಅದರೊಂದಿಗೆ ಹೋಗಿರುತ್ತದೆ.

ಇನ್ನು ಮೂರನೆಯ ಸಲಹೆ, ಅಂದರೆ ಬೆಲೆ ನೋಡುವ ಬಗೆ. ಹರಾಜಿನ ಜಾಲತಾಣಗಳಲ್ಲಿ ಕೇಳುವ ಬೆಲೆಯಲ್ಲಿ ಕಾಣುವುದು ಮಾರುವವನ ಆಸೆ ಮಾತ್ರ. ಈಬೇಯಂಥ ತಾಣಗಳಲ್ಲಿ ಈಗಾಗಲೇ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ವ್ಯವಸ್ಥೆಯಿದೆ. ಅಲ್ಲಿ ಅದೇ ತಯಾರಕ, ಅದೇ ಉದ್ದ, ಅದೇ ಸ್ಥಿತಿಯ ಹಲವು ಚಾಕುಗಳು ನಿಜವಾಗಿ ಎಷ್ಟಕ್ಕೆ ಹೋದವೆಂದು ನೋಡಬೇಕು. ವಿಮೆಗೆಂದು ಬರೆದುಕೊಡುವ ಮೌಲ್ಯ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅಂಗಡಿಯವರು ಕೊಳ್ಳುವಾಗ ಹೇಳುವ ಬೆಲೆ ಕಡಿಮೆಯಿರುತ್ತದೆ, ಮತ್ತು ನಿಮ್ಮ ಚಾಕುವನ್ನು ತಾನೇ ಕೊಳ್ಳಬೇಕೆಂದಿರುವವನು ಹೇಳುವ ಮೌಲ್ಯವನ್ನು ಮೌಲ್ಯವೆಂದು ಕರೆಯುವುದೇ ಕಷ್ಟ.

ನಮ್ಮ ನಾಡಿನ ಮನೆಗಳಲ್ಲಿ ಅಮೆರಿಕದ ಪೈಲಟ್ ಚಾಕುಗಳಿಗಿಂತ ಎರಡನೆಯ ಮಹಾಯುದ್ಧಕ್ಕೆ ಹೋಗಿ ಬಂದವರ ಕುಕ್ರಿಗಳು, ಅಂದರೆ ಗೂರ್ಖರ ಬಾಗಿದ ಅಲಗಿನ ಕತ್ತಿಗಳು, ಸಿಗುವುದೇ ಹೆಚ್ಚು ಸಹಜ. ಅವುಗಳ ಅಲಗಿನ ಮೇಲೆ ಬಾಣದ ಗುರುತೂ ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರವೂ ಇದ್ದರೆ ಅದು ಅಂದಿನ ಭಾರತ ಸರ್ಕಾರದ ಸೇನೆಗೆ ಸೇರಿದ್ದೆಂದು ಅರ್ಥ. ಪ್ರವಾಸಿಗರಿಗೆ ಮಾರುವ ಕುಕ್ರಿಗೂ ಅದಕ್ಕೂ ಅಜಗಜಾಂತರ. ಅಲ್ಲಿಯೂ ಉಜ್ಜುವವರು ಮೊದಲು ಅಳಿಸಿಹಾಕುವುದು ಆ ಗುರುತನ್ನೇ. ಒಂದು ಎಚ್ಚರಿಕೆ: ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿರುವ ಇಂಥ ಚಾಕುಗಳು ಭಾರತದ ಆಯುಧ ನಿಯಮಗಳ ಪಟ್ಟಿಯೊಳಗೆ ಬರುತ್ತವೆ. ಐದು ಇಂಚಿನ ಪೈಲಟ್ ಚಾಕು ಆ ಅಳತೆಯೊಳಗಿದೆ, ಸೇನೆಯ ಕುಕ್ರಿ ಸಾಮಾನ್ಯವಾಗಿ ಮೀರುತ್ತದೆ. ಮಾರುವ ಅಥವಾ ಸಾಗಿಸುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಲೇಖನದ ಉಳಿದ ಭಾಗಗಳ ಬಗ್ಗೆ ಚರ್ಚೆ ನಿಧಾನವಾಗಿ ನಡೆಯಲಿ. ಉಜ್ಜಿ ಹೊಳಪು ತರಬೇಕೆಂಬ ಸಲಹೆಯನ್ನು ಮಾತ್ರ ಮುಂದಿನ ಭಾನುವಾರದ ಪುರವಣಿಯಲ್ಲೇ ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ತಪ್ಪು ಬೆಲೆಯನ್ನು ನಾಳೆ ತಿದ್ದಿಕೊಳ್ಳಬಹುದು, ಮರಳುಕಾಗದ ತಾಗಿದ ಅಲಗನ್ನು ತಿದ್ದಲಾಗದು.

ಇತಿ ತಮ್ಮ ವಿಶ್ವಾಸಿ,
ಹಳೆಯ ಚಾಕುಗಳ ಸಂಗ್ರಾಹಕ
ಸಿರಾಕ್ಯೂಸ್, ನ್ಯೂಯಾರ್ಕ್ ರಾಜ್ಯ