ಅಜ್ಜನ ಕೋವಿಯ ಬಗ್ಗೆ ಗೆಳೆಯನಿಗೊಂದು ಪತ್ರ

ಉಡುಪಿ

ಪ್ರಿಯ ಗೆಳೆಯ,

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದಿರುವ ಅಜ್ಜನ ಜೋಡುನಳಿಗೆಯ ಕೋವಿಯನ್ನು ರಿಪೇರಿ ಮಾಡಿಸಿ ತೋಟದ ಕಾವಲಿಗೆ ಇಟ್ಟುಕೋ ಎಂದು ನೀನು ಬರೆದಿದ್ದೆ. ಕಾರ್ಕಳದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಹಂದಿ, ಮಂಗಗಳ ಕಾಟ ಎಷ್ಟಿದೆಯೆಂದು ಕಣ್ಣಾರೆ ಕಂಡವನು ನೀನು, ಆದ್ದರಿಂದ ಹಾಗೆ ಹೇಳಿದ್ದು ಸಹಜವೇ. ಆದರೆ ಲೈಸೆನ್ಸ್ ಕೈಯಲ್ಲಿದ್ದ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯುವಂತಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಅದೂ ಇರಲಿ, ಈ ಕೋವಿಯಿಂದ ಇನ್ನು ಗುಂಡು ಹಾರಿಸಬಾರದು ಎಂಬುದು ನನ್ನ ತೀರ್ಮಾನ.

ಅದು 12 ಬೋರಿನ, ಹೊರಗೆ ಎರಡು ಹ್ಯಾಮರ್ ಕಾಣುವ ಹಳೆಯ ಇಂಗ್ಲಿಷ್ ಕೋವಿ. ನಳಿಗೆಗಳನ್ನು ಬಿಚ್ಚಿ ತಿರುಗಿಸಿದಾಗ ಅಡಿಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಕೋವಿ ಪರೀಕ್ಷಾಲಯದ ಮುದ್ರೆಗಳ ನಡುವೆ ‘ನಾಟ್ ಫಾರ್ ಬಾಲ್’ ಎಂಬ ಅಕ್ಷರಗಳು ಸಿಕ್ಕವು. ಬಾಯಿಯ ಕಡೆಗೆ ಕಿರಿದಾಗುವ ನಳಿಗೆಯಲ್ಲಿ ಚರೆಯ, ಅಂದರೆ ಸಣ್ಣ ಸೀಸದ ಕಾಳುಗಳ, ಬದಲು ಒಂಟಿ ಗುಂಡು ಹಾರಿಸಬಾರದೆಂಬ ಆ ಎಚ್ಚರಿಕೆಯನ್ನು ಅಲ್ಲಿ ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಹಾಗಾಗಿ ಕೋವಿಯ ವಯಸ್ಸಿನ ಬಗ್ಗೆ ಮನೆಯಲ್ಲಿದ್ದ ಚರ್ಚೆ ಅಲ್ಲಿಗೇ ಮುಗಿಯಿತು.

ನಳಿಗೆಯ ಮೈಮೇಲೆ ಕಾಣುವ ಅಲೆಅಲೆಯಾದ ಗೆರೆಗಳನ್ನು ನಾವು ಚಿಕ್ಕವರಿದ್ದಾಗ ಕೆತ್ತನೆಯೆಂದು ತಿಳಿದಿದ್ದೆವು. ಅವು ಕೆತ್ತನೆಯಲ್ಲ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಕಾಯಿಸಿ, ಹುರಿ ಹೊಸೆದು, ಒಂದು ದಂಡದ ಸುತ್ತ ಸುರುಳಿ ಸುತ್ತಿ ಬಡಿದು ಬೆಸೆದ ಡಮಾಸ್ಕಸ್ ನಳಿಗೆ ಅದು, ಗೆರೆಗಳೆಲ್ಲ ಆ ಬೆಸುಗೆಯ ಗುರುತು. ನೋಡಲು ಇಷ್ಟು ಚೆಂದವಾದದ್ದು ಗುಂಡು ಹಾರಿಸುವಾಗ ಅಷ್ಟೇ ಅಪಾಯಕಾರಿ, ಏಕೆಂದರೆ ಬೆಸುಗೆಯ ಸಂದಿನೊಳಗೆ ಹಿಡಿದ ತುಕ್ಕು ಹೊರಗಿನಿಂದ ಕಾಣಿಸುವುದಿಲ್ಲ. ಇವನ್ನು ಕರಿಮದ್ದಿಗೆಂದು ಮಾಡಿದ್ದು. ಈಗ ಅಂಗಡಿಯಲ್ಲಿ ಸಿಗುವ ತೋಟೆಗಳಲ್ಲಿರುವುದು ಹೊಗೆರಹಿತ ಮದ್ದು, ಅದರ ಒತ್ತಡಕ್ಕೆಂದು ಇವನ್ನು ಮಾಡಿದ್ದಲ್ಲ. ಸಾಲದ್ದಕ್ಕೆ ಹಳೆಯ 12 ಬೋರಿನ ಕೋವಿಗಳ ತೋಟೆಗೂಡು, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಸಾಮಾನ್ಯವಾಗಿ 65 ಮಿಲಿಮೀಟರ್ ತೋಟೆಗೆ ಹೊಂದುವಂಥದ್ದು. 70 ಮಿಲಿಮೀಟರಿನದು ಅದರೊಳಗೆ ತಕರಾರಿಲ್ಲದೆ ಕೂರುತ್ತದೆ, ಆದರೆ ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಇನ್ನಷ್ಟು ಏರುತ್ತದೆ. ನಳಿಗೆ ಸಿಡಿದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ.

ಇನ್ನು ನಮ್ಮ ಕರಾವಳಿಯ ಹವೆ ಮಾಡಿದ ಕೆಲಸ. ಉಪ್ಪರಿಗೆಯ ಮೇಲೆ ಚರ್ಮದ ಚೀಲದೊಳಗೆ ಜೋಪಾನವಾಗಿ ಇಟ್ಟಿದ್ದರು, ಆದರೆ ಮಳೆಗಾಲದ ತೇವವನ್ನು ಹೀರಿ ಹಿಡಿದುಕೊಳ್ಳುವುದರಲ್ಲಿ ಚರ್ಮವನ್ನು ಮೀರಿಸಿದ ವಸ್ತುವಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ತುಕ್ಕಿನ ಕುಳಿಗಳು. ತೂಗುಹಾಕಿ ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಮೊಳಗಬೇಕಾದ ನಳಿಗೆ ಮಂಕಾಗಿ ಸದ್ದು ಮಾಡುತ್ತದೆ, ಅಂದರೆ ಎರಡನ್ನೂ ಜೋಡಿಸಿದ ಪಟ್ಟಿಯ ಬೆಸುಗೆ ಬಿಟ್ಟಿದೆ. ಮರದ ಹಿಡಿಗೆ ಕುಟ್ಟೆ ಹಿಡಿದಿದೆ. ಅಪ್ಪ ಪ್ರೀತಿಯಿಂದ ಸವರುತ್ತಿದ್ದ ತೆಂಗಿನೆಣ್ಣೆ ಒಣಗಿ ಒಳಗಿನ ಸ್ಪ್ರಿಂಗುಗಳಿಗೆ ಅಂಟಿಕೊಂಡಿದೆ. ಮರಳುಕಾಗದದಿಂದ ಉಜ್ಜಿ ಹೊಳಪು ಮಾಡಿಸೋಣ ಎಂದು ತಮ್ಮ ಹೇಳಿದಾಗ ತಡೆದೆ. ಆ ಗೆರೆಗಳೂ ಮುದ್ರೆಗಳೂ ಅಳಿಸಿಹೋದರೆ ಅದರಲ್ಲಿ ಇಟ್ಟುಕೊಳ್ಳುವಂಥದ್ದು ಏನೂ ಉಳಿಯದು.

ಈಗ ಕಾನೂನಿನ ವಿಷಯ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿದ್ದುದರಿಂದ, 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ನಿನ ಪ್ರಕಾರ ಕೋವಿಯನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಲೇಬೇಕಿತ್ತು. ವ್ಯಾಪಾರಿಯಲ್ಲಿ ಇಟ್ಟು ರಸೀದಿ ಪಡೆದಿದ್ದೇನೆ. ಅದೇ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿಯಿದೆ: ಹಳೆಯ ಮಾದರಿಯದಾಗಿರುವ, ಪ್ರಾಚೀನ ಮೌಲ್ಯವುಳ್ಳ ಅಥವಾ ಕೆಟ್ಟುಹೋದ ಆಯುಧವನ್ನು ರಿಪೇರಿ ಮಾಡಿದರೂ ಮಾಡದಿದ್ದರೂ ಬಳಸಲು ಸಾಧ್ಯವಿಲ್ಲ ಎಂದಾದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ‘ರಿಪೇರಿ ಮಾಡಿದರೂ’ ಎಂಬಲ್ಲಿಯೇ ಇರುವುದು ತೊಡಕು. ಸರಿಮಾಡಿಕೊಡುತ್ತೇನೆ ಎಂದು ಒಬ್ಬ ಕುಶಲಕರ್ಮಿ ಒಪ್ಪಿಕೊಂಡ ಕ್ಷಣವೇ ಅದು ಅಲಂಕಾರದ ವಸ್ತುವಲ್ಲ, ಆಯುಧ. ನೂರು ವರ್ಷ ದಾಟಿದೆ, ತುಕ್ಕು ಹಿಡಿದಿದೆ ಎಂದು ನಾವೇ ತೀರ್ಪು ಕೊಟ್ಟುಕೊಂಡು ಚಾವಡಿಯ ಗೋಡೆಗೆ ತೂಗುಹಾಕುವಂತಿಲ್ಲ.

ವಾರಸುದಾರನಾಗಿ ಲೈಸೆನ್ಸ್ ಕೇಳುವ ದಾರಿಯೂ ಇದೆ. ಆದರೆ ಹಾರಿಸದ ಕೋವಿಗಾಗಿ ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸುವುದು, ಚುನಾವಣೆ ಬಂದಾಗ ಠಾಣೆಗೆ ಹೊತ್ತೊಯ್ಯುವುದು ನನಗೆ ಬೇಡ. ದುಬೈಯಲ್ಲಿರುವ ಭಾವ ತನ್ನ ಫ್ಲ್ಯಾಟಿಗೆ ಕಳುಹಿಸು ಎನ್ನುತ್ತಾನೆ. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ನಿಷೇಧಿಸಿದೆ ಎಂದು ಅವನಿಗೆ ತಿಳಿಸಿದ್ದೇನೆ.

ಆದ್ದರಿಂದ, ಕೋವಿಯನ್ನು ಪರಿಶೀಲಿಸಿ ನಿಷ್ಕ್ರಿಯಗೊಳಿಸಲು ಅನುಮತಿ ಕೋರಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡುತ್ತಿದ್ದೇನೆ. ತೂತು ಕೊರೆದು ಬೆಸುಗೆ ಹಾಕಿದರೆ ಸಂಗ್ರಾಹಕರ ಕಣ್ಣಿನಲ್ಲಿ ಅದರ ಬೆಲೆ ಇಳಿಯುತ್ತದೆ ಎಂಬುದು ಗೊತ್ತಿದೆ, ಮಾರುವ ಯೋಚನೆಯೇ ಇಲ್ಲದ ನನಗೆ ಅದರಿಂದ ನಷ್ಟವಿಲ್ಲ. ಅನುಮತಿ ಸಿಗದಿದ್ದರೆ ಸರ್ಕಾರಕ್ಕೆ ಒಪ್ಪಿಸುತ್ತೇನೆ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಮೊದಲಿನಿಂದಲೂ ಹೇಳುತ್ತಿರುವ ಅಕ್ಕನಿಗೆ ಆಗ ಸಮಾಧಾನ. ಪೆಟ್ಟಿಗೆಯಲ್ಲಿದ್ದ, ತೇವಕ್ಕೆ ಊದಿಕೊಂಡ ಕಾಗದದ ತೋಟೆಗಳನ್ನೂ ಕೋವಿಯ ಜೊತೆಗೇ ಕೊಟ್ಟು ರಸೀದಿಯಲ್ಲಿ ಬರೆಸಿದ್ದೇನೆ.

ನಿಮ್ಮ ಮೂಲಮನೆಯ ಕೇಪಿನ ಕೋವಿಯ ಲೈಸೆನ್ಸ್ ಈಗ ಯಾರ ಹೆಸರಿನಲ್ಲಿದೆ ಎಂದು ನಿನ್ನ ದೊಡ್ಡಪ್ಪನವರನ್ನು ವಿಚಾರಿಸಿ ಬರೆ. ಅವರಿಗೆ ಎಪ್ಪತ್ತು ದಾಟಿದೆಯಲ್ಲವೇ? 2016ರ ನಿಯಮಗಳ ಪ್ರಕಾರ ಅವರು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಮಾಡಿಸಬಹುದು.

ನಿನ್ನ ಗೆಳೆಯ