ತಮ್ಮನ ನೋಟ್‌ಬುಕ್ಕಿನ ಕೊನೆಯ ಪುಟ

ಹೋದ ಭಾನುವಾರಕ್ಕೆ ತಮ್ಮ ಹೋಗಿ ಒಂದು ವರ್ಷವಾಯಿತು. ಏನಾಯಿತು, ಹೇಗಾಯಿತು ಅನ್ನೋದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು. ಜೊತೆಗೆ ಒಂದು ಸುದ್ದಿಯೂ ಇದೆ: ಅವನು ಅರ್ಧಕ್ಕೆ ಬಿಟ್ಟುಹೋದ ಕಾಳಿ ಪಯಣ ಮುಗಿಯಿತು.

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುತ್ತದೆ. ಸುಮಾರು 184 ಕಿಲೋಮೀಟರ್. ಒಂದೇ ಜಿಲ್ಲೆಯೊಳಗೆ ಹುಟ್ಟಿ, ಅದೇ ಜಿಲ್ಲೆಯಲ್ಲಿ ಮುಗಿಯುವ ನದಿ. ಅದರ ಉದ್ದಕ್ಕೂ ಕಂತಿನಲ್ಲಿ ಹೋಗಬೇಕು ಅನ್ನೋದು ಅವನ ಹುಚ್ಚು. ರಜೆ ಸಿಕ್ಕಾಗ ಒಂದು ತುಂಡು. ಕಾಲ್ನಡಿಗೆಗೆ ಬಿಡದ ಕಡೆ ಜೀಪು, ಇಲ್ಲವೆಂದರೆ ಬಸ್ಸು. ಸೂಪಾ, ಗಣೇಶಗುಡಿ, ದಾಂಡೇಲಿ, ಕೊಡಸಳ್ಳಿ ಎಲ್ಲ ಮುಗಿಸಿದ್ದ. ಕದ್ರಾದಿಂದ ಕಡಲವರೆಗಿನ ತುಂಡು ಮಾತ್ರ ಉಳಿದಿತ್ತು.

ರಕ್ತ ಕೊಟ್ಟ ಅವನ ಕಾಲೇಜಿನ ಹುಡುಗರು, ತಿಂಗಳುಗಟ್ಟಲೆ ಅಡುಗೆ ಕಳಿಸಿದ ಪಕ್ಕದ ಮನೆ ಆಂಟಿ, ರಜೆ ಕೇಳಿದಾಗ ಕಾರಣ ಕೇಳದ ನಮ್ಮ ಆಫೀಸಿನವರು, ಅವನ ಪಕ್ಷಿ ಪಟ್ಟಿಗಳನ್ನೆಲ್ಲ ಕೂತು ಇ-ಬರ್ಡ್ ಅನ್ನೋ ಹಕ್ಕಿ ದಾಖಲೆಯ ವೆಬ್‌ಸೈಟಿಗೆ ಹಾಕಿದ ಇಬ್ಬರು ಗೆಳೆಯರು: ನಿಮಗೆಲ್ಲ ನಮಸ್ಕಾರ. ಒಂದೇ ಸಾಲಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ.

ಯಾಕಂದರೆ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಜೋಯಿಡಾ ಕಡೆಯ ಜೀಪ್ ಡ್ರೈವರ್. ಹೆಸರು ಹಾಕಬೇಡ ಅಂದಿದ್ದಾರೆ. ತಮ್ಮ ಅವರನ್ನು ಮಾಮಾ ಅಂತಿದ್ದ, ಈಗ ನಾನೂ ಹಾಗೇ ಕರೆಯುತ್ತೇನೆ. ಆ ರಾತ್ರಿ ಅವರು ಯಾರ ಹತ್ತಿರವೋ ಸುದ್ದಿ ಕೇಳಿ, ಸಿಕ್ಕ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದರು. ಅಪ್ಪನಿಗೆ ಬಿಪಿ ಏರಿತ್ತು, ಅಮ್ಮನ ಜೊತೆ ಅವರನ್ನು ಮನೆಗೆ ಕಳಿಸಿದ್ದೆ. ಐಸಿಯು ಹೊರಗಿನ ಬೆಂಚಿನ ಮೇಲೆ ನಾನೊಬ್ಬಳೇ. ಪರಿಚಯವಿಲ್ಲದ ಮನುಷ್ಯ ಬಂದು ಪಕ್ಕದಲ್ಲಿ ಕೂತು, ಡಬ್ಬಿ ತೆಗೆದು, ಬೇಯಿಸಿದ ಗೆಣಸು ಮುಂದಿಟ್ಟರು. "ತಿನ್ನು ತಂಗಿ" ಅಂದರು. ಅಷ್ಟೇ. ಧೈರ್ಯ ತಗೋ, ಎಲ್ಲ ಸರಿಹೋಗ್ತದ ಅಂತ ಒಂದು ಸಲವೂ ಹೇಳಲಿಲ್ಲ.

ನಡುರಾತ್ರಿ ಡಾಕ್ಟರ್ ಹೊರಗೆ ಬಂದು ಹೇಳಬೇಕಾದ್ದು ಹೇಳಿ ಹೋದರು. ಆಮೇಲೆ ಮಾಮಾ ಮಾತಾಡಲು ಶುರು ಮಾಡಿದರು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ನೋಡಲು ತಮ್ಮ ಜೀಪು ನಿಲ್ಲಿಸಿ ಎರಡು ತಾಸು ಕೂತಿದ್ದನಂತೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಡುತ್ತದೆ, ಗಂಡು ಹಣ್ಣು ತಂದು ಆ ಸೀಳಿನಿಂದ ಕೊಡುತ್ತದೆ. ಗಂಡು ಬರುವುದು ತಡವಾಯಿತು ಅಂತ ತಮ್ಮ ಊಟ ಮಾಡಲಿಲ್ಲವಂತೆ. "ನಾ ಬೈದೆ, ಹಸಿವಿ ನನಗೂ ಅದ ಅಂತ" ಅಂದರು. ನಾನು ಆ ಬೆಂಚಿನ ಮೇಲೆ ನಕ್ಕೆ. ನಕ್ಕಿದ್ದಕ್ಕೆ ಅಳು ಬಂತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವನ ಸುತ್ತಾಟ ನನಗೆ ಹಿಡಿಸುತ್ತಿರಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತಲ್ಲ, ಬೆಳಿಗ್ಗೆ ಫೋನ್ ಮಾಡಿದ್ದ. "ನನ್ನ ಕೊನೇ ಸ್ಟಾಪೇ ಹೋತಲ್ಲ ಅಕ್ಕಾ!" ಪಯಣ ಆ ಸೇತುವೆಯ ಮೇಲೆ ಮುಗಿಸಬೇಕು ಅಂತಿದ್ದ. ನಾನು ಮೀಟಿಂಗಿನಲ್ಲಿದ್ದೆ. "ಮೊದಲು ಒಂದು ಕೆಲಸ ನೋಡ್ಕೋ" ಅಂತ ಹೇಳಿ ಇಟ್ಟುಬಿಟ್ಟೆ. ಆಮೇಲೂ ಎಷ್ಟೋ ಸಲ ಮಾತಾಡಿದ್ದೇವೆ, ಜಗಳವೇನೂ ಇರಲಿಲ್ಲ. ಆದರೂ ರಾತ್ರಿ ನಿದ್ದೆ ಬಾರದಿದ್ದರೆ ಅದೇ ಫೋನು ಕಿವಿಯಲ್ಲಿ ರಿಂಗಾಗುತ್ತದೆ.

ಇರಲಿ.

ಮಾಮಾ ಬೆಳಗಿನವರೆಗೂ ಹೇಳುತ್ತಲೇ ಇದ್ದರು. ನನ್ನ ಮನೆಯಲ್ಲೇ ಬೆಳೆದ ಹುಡುಗನ ಅರ್ಧ ಬದುಕು ನನಗೆ ಗೊತ್ತೇ ಇರಲಿಲ್ಲ. ಮುಂದಿನ ಎಲ್ಲ ಕೆಲಸಕ್ಕೂ ನಿಂತರು. ಅಮ್ಮ ಹದಿನೈದು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಆಗ ದಿನಾ ಸಂಜೆ ಫೋನ್ ಮಾಡಿ, "ವೈನಿ ಏನು ತಿಂದ್ರು?" ಅಂತ ಕೇಳುತ್ತಿದ್ದವರು ಅವರೇ. ಜೀಪಿನ ಬಾಡಿಗೆ, ಬಸ್ ಚಾರ್ಜು ಏನು ಕೊಟ್ಟರೂ ಮುಟ್ಟಲಿಲ್ಲ.

ಮೊನ್ನೆ ನಾವು ಮೂವರೂ ಅವರ ಜೀಪಿನಲ್ಲಿ ಕದ್ರಾದಿಂದ ಹೊರಟೆವು. ಕಾರವಾರದಲ್ಲಿ ಮೀನುಗಾರರೊಬ್ಬರು ದೋಣಿಯಲ್ಲಿ ಕರೆದುಕೊಂಡು ಹೋದರು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು, ಕಾಳಿಮಾತಾ ನಡುಗಡ್ಡೆಯನ್ನು ದಾಟಿ, ನದಿ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಗೊತ್ತಾಗದ ಕಡೆ ದೋಣಿ ನಿಂತಿತು. ಅಪ್ಪ ಕಣ್ಣೊರೆಸಿಕೊಂಡರು. ನಾನು ತಮ್ಮನ ನೋಟ್‌ಬುಕ್ ತೆಗೆದು, ಅವನೇ "ಕದ್ರಾ – ಕಡಲು" ಅಂತ ಬರೆದಿಟ್ಟಿದ್ದ ಖಾಲಿ ಪುಟದಲ್ಲಿ ತಾರೀಖು ಹಾಕಿದೆ.

ಮಾಮಾ ಬಗ್ಗಿ ನೋಡಿದರು. "ಹಕ್ಕಿ ಬರಿ ತಂಗಿ. ಅವ ಬರೇ ತಾರೀಖು ಬರೀತಿದ್ದಿಲ್ಲ."

ಸುತ್ತ ಏನೇನೋ ಹಾರಾಡುತ್ತಿದ್ದವು. ನನಗೆ ಗುರುತು ಸಿಕ್ಕಿದ್ದು ಎರಡೇ. ಗರುಡ, ಕಾಗೆ ಅಂತ ಬರೆದೆ.