ಮೂರನೇ ಕುರುಬನಿಗೆ, ಕೋಲಾರದಿಂದ

ಲೋ ಮೂರನೇ ಕುರುಬ,

ಫೋನ್ ಮಾಡಿದರೆ ನೀನು ಎತ್ತಿಬಿಡುತ್ತೀಯ, ಅದೇ ಭಯ. ಅದಕ್ಕೇ ಬರೆಯುತ್ತಿದ್ದೇನೆ. ಅದೂ ಎಲ್ಲರಿಗೂ ಕಾಣೋ ಹಾಗೆ. ನಾಲ್ಕು ಜನ ನೋಡುತ್ತಿದ್ದರೆ ನಾನು ಸ್ವಲ್ಪ ಮರ್ಯಾದೆಯಿಂದ ಇರುತ್ತೇನೆ ಅಂತ ನಿನಗೆ ಗೊತ್ತಲ್ಲ. ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ನೀನು ಮೂರನೇ ಕುರುಬ, ನಾನು ಕತ್ತೆಯ ಹಿಂಗಾಲು ಆಗಿದ್ದಾಗಿನ ಆ ಟಾರ್ಚು ಇನ್ನೂ ನನ್ನ ಹತ್ರಾನೇ ಇದೆ. ಸೆಲ್ಲು ಹಾಕಿಲ್ಲ, ಹಾಕೋದೂ ಇಲ್ಲ.

ಊರಲ್ಲಿ ವಿಶೇಷ ಏನಿಲ್ಲ. ಬೆಂಗಳೂರಲ್ಲಿ ನೀನು ಸ್ನಾನ ಮಾಡಿದ ನೀರು ಸೋಸಿಕೊಂಡು ಬಂದು ನಮ್ಮ ಕಡೆ ಕೆರೆ ತುಂಬುತ್ತಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ಸಲ ಕೆ.ಸಿ. ವ್ಯಾಲಿ ಯೋಜನೆಯ ಆ ನೀರು ಬಿದ್ದಾಗ ಇಬ್ಬರೂ ಬೈಕಲ್ಲಿ ಹೋಗಿ ನೋಡಿದ್ದೆವು, ನೆನಪಿದೆಯಾ? ನನ್ನ ಹೊಲ ಮಾತ್ರ ಕೆರೆಗೆ ದೂರ, ದಿಣ್ಣೆ ಮೇಲೆ. ಅಲ್ಲಿಗೆ ನಿನ್ನ ಸೋಪಿನ ನೊರೆಯೂ ಬರಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪನ ಮಣ್ಣಿನ ದಿನ ಸಮಾಧಿ ತೋಟದ ಗೇಟ್ ಹತ್ರ ನಿನ್ನ ಕೈ ಹಿಡಿದುಕೊಂಡು ನಾನೊಂದು ಮಾತು ಹೇಳಿದೆ. 'ಎಲ್ಲಾ ಒಳ್ಳೇದಕ್ಕೇ ಕಣೋ. ದೇವರ ಚಿತ್ತ. ಪಾಸಿಟಿವ್ ಆಗಿರು.' ನೀನು ತಲೆ ಆಡಿಸಿ, 'ಊಟ ಆಯ್ತೇನೋ?' ಅಂತ ಕೇಳಿದೆ. ಪರವಾಗಿಲ್ಲ, ಹುಡುಗ ಗಟ್ಟಿ ಇದ್ದಾನೆ, ನನ್ನ ಮಾತು ನಾಟಿದೆ ಅಂದುಕೊಂಡು ನಾನು ಬೈಕ್ ಹತ್ತಿದೆ. ನೀನು ಯಾಕೆ ಊಟದ ವಿಷಯ ತೆಗೆದೆ ಅಂತ ಅರ್ಥ ಆಗೋಕೆ ನನಗೆ ಎಂಟು ತಿಂಗಳು ಬೇಕಾಯ್ತು.

ಹೋದ ತಿಂಗಳು ಮೂರನೇ ಬೋರ್ ಕೊರೆಸಿದೆ. ಬೆಳಿಗ್ಗೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಬಂದು ಜಾಗದಲ್ಲಿ ನಿಂತು ಪ್ರಾರ್ಥನೆ ಮಾಡಿದರು. ಹಿಂದಿನ ದಿನ ಸಂಜೆ, ಕತ್ತಲಾದ ಮೇಲೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡುವ ಒಬ್ಬರು ಬಂದು ಪಾಯಿಂಟ್ ಮಾಡಿ ಹೋಗಿದ್ದರು. (ಇದು ಇವತ್ತಿನವರೆಗೆ ಅಯ್ಯನವರಿಗೆ ಗೊತ್ತಿರಲಿಲ್ಲ. ಸ್ತೋತ್ರ ಅಯ್ಯನವರೇ.) ರಾತ್ರಿ ಹನ್ನೊಂದರವರೆಗೆ ಲಾರಿ ಗುಡುಗಿತು. 600 ಅಡಿಗೆ ಒಂಚೂರು ತೇವ ಬಂತು, ಮಣ್ಣು ಬಿಸ್ಕತ್ತಿನ ಹಾಗೆ ಉಂಡೆ ಕಟ್ಟಿತು, ನಮ್ಮವಳು ಎದ್ದು ನಿಂತಳು. ಆಮೇಲೆ ಮತ್ತೆ ಬರೀ ಪುಡಿ. ಬಿಳೀ ಪುಡಿ. 1,350 ಅಡಿಗೆ ಲಾರಿಯ ಹುಡುಗ ಕಿವಿಯಿಂದ ಹತ್ತಿ ತೆಗೆದು, 'ಇನ್ನೂ ನೂರು ಹೋಗೋಣವಾ ಅಣ್ಣ?' ಅಂದ. ನಾನು ನಮ್ಮವಳ ಕಡೆ ನೋಡಿದೆ. ಕೂದಲು, ರೆಪ್ಪೆ, ಸೆರಗು ಎಲ್ಲ ಬೆಳ್ಳಗೆ. ಒಂದೇ ರಾತ್ರಿಗೆ ಮುದುಕಿ ಆದ ಹಾಗೆ ಕಂಡಳು. ಸಾಕು ಅಂದೆ.

ಮರುದಿನ ಸಭೆಯವರೊಬ್ಬರು ಫೋನ್ ಮಾಡಿದರು. 'ಎಲ್ಲಾ ಒಳ್ಳೇದಕ್ಕೇ ಬ್ರದರ್. ಪಾಸಿಟಿವ್ ಆಗಿರಿ.' ನನ್ನ ಬಾಯಿಂದ ತಾನಾಗೇ ಬಂದ ಮಾತು ಏನು ಗೊತ್ತಾ? 'ಊಟ ಆಯ್ತಾ ಬ್ರದರ್?'

ಫೋನ್ ಇಟ್ಟವನು ಪಂಪ್‌ಸೆಟ್ ಮನೆ ಕಟ್ಟೆ ಮೇಲೆ ಸುಮ್ನೆ ಕೂತುಬಿಟ್ಟೆ.

ನನ್ನ ವಾಟ್ಸಾಪ್ ಸ್ಟೇಟಸ್ ನೋಡುವವರಿಗೆ ಗೊತ್ತು, ಬೆಳಿಗ್ಗೆ ಐದೂವರೆಗೆ ಬೈಬಲಿನ ಒಂದು ವಾಕ್ಯ, ಹಿಂದೆ ಸೂರ್ಯೋದಯ. ನಿನ್ನೆಯವರೆಗೆ ಒಂದು ದಿನವೂ ತಪ್ಪಿಸಿಲ್ಲ. 2023ರ ಜುಲೈನಲ್ಲಿ ಟೊಮೆಟೊ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತಲ್ಲ, ನಾನು ಅದಕ್ಕೆ ಹದಿನೈದು ದಿನ ಮುಂಚೆ ಗಿಡ ಕಿತ್ತು ಹಾಕಿದ್ದೆ. ಅವತ್ತೂ 'ದೇವರ ಸಮಯವೇ ಸರಿಯಾದ ಸಮಯ' ಅಂತ ಹಾಕಿದವನು ನಾನು. ಬೋರ್ ಆದ ಮೇಲೂ ನಿಲ್ಲಿಸಲಿಲ್ಲ. ಆದರೆ ಈ ಒಂದು ತಿಂಗಳು ನಾನು ಸತ್ಯವೇದ ತೆರೆದೇ ಇಲ್ಲ ಕಣೋ. ಮಲಗುವಾಗ ಪ್ರಾರ್ಥನೆಯೂ ಇಲ್ಲ. ಹೋದ ವರ್ಷದ ಸ್ಟೇಟಸ್‌ಗಳನ್ನೇ ಗ್ಯಾಲರಿಯಿಂದ ತೆಗೆದು ತಾರೀಖು ನೋಡಿಕೊಂಡು ಹಾಕುತ್ತಿದ್ದೆ. ಎಲ್ಲರೂ ಆಮೆನ್ ಅಂದರು. ಕಂಡುಹಿಡಿದದ್ದು ಮಾಲೂರಿನ ಅತ್ತೆ ಒಬ್ಬರೇ. 'ಇದೇ ದಿನ ಹೋದ ವರ್ಷಾನೂ ಇದೇ ಹಾಕಿದ್ದೆಯಲ್ಲಪ್ಪ, ಮೈಗೆ ಹುಷಾರಿಲ್ವಾ?' ಅಂತ ಕೇಳಿದರು. ನೆಟ್‌ವರ್ಕ್ ಸರಿ ಇಲ್ಲ ಅಂದೆ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಬರೆದಾಗಿದೆ, ಇರಲಿ.

ಆ ಕಟ್ಟೆ ಮೇಲೆ ಕೂತಾಗ ನನಗೆ ನೆನಪಾದದ್ದು ನಿಮ್ಮಪ್ಪ. 2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಗಣಿ ಮುಚ್ಚಿ, ನೀವು ಪಾತ್ರೆ ಪಗಡೆ ಕಟ್ಟಿಕೊಂಡು ಕೋಲಾರಕ್ಕೆ ಬಂದಿರಿ. ನಿಮ್ಮಪ್ಪ ವಾಚ್‌ಮನ್ ಕೆಲಸಕ್ಕೆ ಸೇರಿದರು. ಅವತ್ತೊಂದು ಭಾನುವಾರ ಸಭೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಲ್ಲಿ ಎದ್ದು ನಿಂತರಲ್ಲ? 'ನನಗೆ ದೇವರ ಮೇಲೆ ಸಿಟ್ಟಿದೆ. ಆಚೆ ಹೇಳಿದರೆ ಚೆನ್ನಾಗಿರಲ್ಲ, ಅದಕ್ಕೇ ಒಳಗೆ ಬಂದು ಹೇಳ್ತಾ ಇದ್ದೀನಿ.' ಅಷ್ಟೇ ಹೇಳಿ ಕೂತರು. ನಾವಿಬ್ಬರೂ ಹಿಂದಿನ ಬೆಂಚಲ್ಲಿ ಕಿಸಕ್ ಅಂದೆವು. ಆಗಿನ ಅಯ್ಯನವರು ಕನ್ನಡಕ ಒರೆಸಿಕೊಂಡು ನೇರ ಹಾಡಿನ ನಂಬರ್ ಹೇಳಿಬಿಟ್ಟರು. ಮುಂದಿನ ಭಾನುವಾರ ನಿಮ್ಮಪ್ಪ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುತ್ತಿದ್ದರು.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ. ದಿನಾ ಅಂಥ ಕತ್ತಲೆಗೆ ಇಳಿದು ಹತ್ತಿದ ಮನುಷ್ಯ. 1,350 ಅಡಿಗೇ ನನ್ನ ವಿಶ್ವಾಸದ ಕೇಸಿಂಗ್ ಪೈಪ್ ಕಳಚಿತು.

ಮೊನ್ನೆ ರಾತ್ರಿ ಕೊನೆಗೂ ಸತ್ಯವೇದ ತೆರೆದೆ. ಹಬಕ್ಕೂಕ ಅನ್ನೋ ಪ್ರವಾದಿಯ ಪುಸ್ತಕ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಸಂತೋಷಪಡುತ್ತೇನೆ ಅನ್ನೋ ಮಾತು ಇದೆಯಲ್ಲ, ರೈತರಿಗೆ ಅಂತಲೇ ಬರೆದ ಹಾಗೆ. ಅದನ್ನ ಎಷ್ಟು ಸಲ ಸ್ಟೇಟಸ್ ಹಾಕಿದ್ದೇನೋ! ಇರೋದೇ ಮೂರು ಅಧ್ಯಾಯ. ಆ ಮಾತು ಮೂರನೆಯದರ ಕೊನೆಯಲ್ಲಿ. ಮೊದಲನೆಯದರಲ್ಲಿ ಆ ಮನುಷ್ಯ ದೇವರ ಜೊತೆ ಜಗಳಕ್ಕೇ ನಿಂತಿದ್ದಾನೆ: ಎಷ್ಟು ದಿನ ಕೂಗಲಿ, ನೀನು ಕೇಳಿಸಿಕೊಳ್ಳೋದೇ ಇಲ್ವಲ್ಲ ಅಂತ. ನಾನು ಜಗಳ ಬಿಟ್ಟು ಬರೀ ಕೊನೆಯ ಮಾತು ಕತ್ತರಿಸಿ ಸೂರ್ಯೋದಯದ ಮೇಲೆ ಅಂಟಿಸುತ್ತಿದ್ದೆ.

ಯೇಸುವಿನ ಅಪೊಸ್ತಲ ಪೌಲನ ಕಥೆಯೂ ಅಷ್ಟೇ. ಸೆರೆಯಲ್ಲಿ ಕೂತು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದ, ಯಾವಾಗಲೂ ಸಂತೋಷವಾಗಿರಿ ಅಂದ. ನಮ್ಮ ಪಾಸಿಟಿವ್ ಭಾಷಣಕ್ಕೆಲ್ಲ ಅದೇ ಬಂಡವಾಳ. ಅದೇ ಪತ್ರದಲ್ಲಿ ಅವನ ಜೊತೆಗಾರ ಎಪಫ್ರೊದೀತ ಕಾಯಿಲೆ ಬಿದ್ದು ಸಾಯೋ ಹಾಗಾಗಿದ್ದ ವಿಷಯ ಇದೆ. ದೇವರು ಅವನನ್ನು ಉಳಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅನ್ನುತ್ತಾನೆ. ಅವನು ಸತ್ತಿದ್ದರೂ ಒಳ್ಳೇದಕ್ಕೇ ಅಂತ ಪೌಲ ಬರೆದಿಲ್ಲ. ನಾನು ನಿನಗೆ ಹೇಳಿದೆ. ಪೌಲನಿಗಿಂತ ಒಂದು ಕೈ ಮೇಲು ನಾನು!

ನಿಮ್ಮಪ್ಪ ಹೋದದ್ದು ಒಳ್ಳೇದಕ್ಕಲ್ಲ ಕಣೋ. ಅವತ್ತು ಸುಮ್ನೆ ನಿನ್ನ ಪಕ್ಕ ನಿಲ್ಲಬೇಕಿತ್ತು. ನಿನ್ನ ಮುಖ ನೋಡೋಕಾಗದೆ ವಾಕ್ಯದ ಹಿಂದೆ ಬಚ್ಚಿಟ್ಟುಕೊಂಡೆ.

ನಿನ್ನೆ ರಾತ್ರಿ ನಾನೂ ಹೊಲದಲ್ಲಿ ನಿಂತು ಜೋರಾಗಿ ದೇವರಿಗೆ ಬೈದೆ. ನಿಮ್ಮಪ್ಪನ ಹಾಗೆ ಒಂದು ವಾಕ್ಯದಲ್ಲಿ ಮುಗಿಸೋ ಕಲೆ ನನಗಿಲ್ಲ, ಅರ್ಧ ಗಂಟೆ ಆಯ್ತು. ಪಕ್ಕದ ಹೊಲದವರು ಹಂದಿ ಬಂತು ಅಂತ ಪಟಾಕಿ ಹೊಡೆದರು. ಉತ್ತರ ಅಷ್ಟು ಬೇಗ ಬರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಸ್ಟೇಟಸ್ ಹಾಕಿಲ್ಲ. ಆಗಲೇ ಮೂರು ಜನ ಫೋನ್ ಮಾಡಿ ಬದುಕಿದ್ದೀಯಾ ಅಂತ ಕೇಳಿದ್ದಾರೆ. ಬದುಕಿದ್ದೇನೆ.

ಭಾನುವಾರ ಬಾ. ಆರಾಧನೆಗೆ ಬರಬೇಕು ಅಂತೇನಿಲ್ಲ, ಮಧ್ಯಾಹ್ನ ಊಟಕ್ಕೆ ಬಾ. ಮುದ್ದೆ, ಬಸ್ಸಾರು. ಬರುವಾಗ ಎರಡು ಸೆಲ್ಲು ತಾ, ದೊಡ್ಡದು.

ಇಂತಿ,
ಕತ್ತೆಯ ಹಿಂಗಾಲು